ನಡುವೆ ನಿಲ್ಲಲು ಕಲಿತ ಬಾಯಾರು

ಭಾರ ಎತ್ತುವಾಗ ಬಾಯಾರ ಕುತ್ತಿಗೆಯ ಎಡಬದಿಯ ನರ ಬಿಗಿದ ಹಗ್ಗದ ಹಾಗೆ ಎದ್ದು ನಿಲ್ಲುತ್ತಿತ್ತು. ತುಟಿಗಳು ಒಳಸೇರಿ ಬಾಯಿ ಒಂದು ಗೆರೆಯಷ್ಟೇ ಉಳಿಯುತ್ತಿತ್ತು. ಉಸಿರು ಕಟ್ಟಿದ್ದಾರೆ ಎಂದು ನನಗೆ ತಿಳಿಯುತ್ತಿದ್ದುದು ಹಾಗೆ. "ಉಸುರು ಬಿಡ್ರಿ ಬಾಯಾರ" ಎಂದರೆ ಕೈಯಲ್ಲಿದ್ದ ಮರಳಿನ ಚೀಲವನ್ನು ಇಳಿಸದೆಯೇ ನನ್ನ ಕಡೆ ನೋಡುತ್ತಿದ್ದರು. ಆ ನೋಟ ನನಗೆ ಎಂಟನೆಯ ಇಯತ್ತೆಯಿಂದ ಪರಿಚಯ. ಪಾಠದ ನಡುವೆ ಮಾತಾಡಿದವರ ಮೇಲೆ ಬೀಳುತ್ತಿದ್ದ ನೋಟ ಅದು.

ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಬಾಯಾರು ಎನ್ನುತ್ತೇವೆ. ಇವರು ಸುಳ್ಳದ ನಮ್ಮ ಶಾಲೆಯಲ್ಲಿ ಗಣಿತ ಕಲಿಸಿದವರು. ಹುಬ್ಬಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಬಸ್ಸು ತಡವಾದ ದಿನ ನಿಲ್ದಾಣದಿಂದ ಶಾಲೆಯವರೆಗೆ ಓಡುತ್ತಲೇ ಬರುವುದನ್ನು ನಾವು ಕಿಟಕಿಯಿಂದ ನೋಡುತ್ತಿದ್ದೆವು. ಹೊಡೆಯುತ್ತಿರಲಿಲ್ಲ, ಬಯ್ಯುತ್ತಲೂ ಇರಲಿಲ್ಲ. ಅವರದು ಒಂದೇ ಕಾಯಿದೆ. ಮಗ್ಗಿ ಹೇಳುವಾಗ ನಡುವೆ ನಿಂತರೆ ಮೊದಲಿನಿಂದ ಹೇಳಬೇಕು. ಹತ್ತೊಂಬತ್ತರ ಮಗ್ಗಿಯ ಎಂಟನೆಯ ಮೆಟ್ಟಿಲಲ್ಲಿ ನಿಂತವಳು ಮತ್ತೆ ಹತ್ತೊಂಬತ್ತೊಂದ್ಲೆ ಎಂದು ಶುರು ಮಾಡಬೇಕು. ಹೀಗೆ ಶುರು ಮಾಡಿ ಶುರು ಮಾಡಿ ಗಂಟೆ ಹೊಡೆಯುವವರೆಗೆ ನಿಂತವರಲ್ಲಿ ನಾನೂ ಒಬ್ಬಳು. "ಅರ್ಧಕ್ಕ ನಿಂತಿದ್ದು ಕೆಲಸ ಅಲ್ಲ" ಎನ್ನುವುದು ಅವರ ಮಾತು. ಊರಿನ ಹಿರಿಯರೂ ಅದನ್ನು ಎತ್ತಿಕೊಂಡಿದ್ದರು. ಅರ್ಧ ಕಟ್ಟಿದ ಗೋಡೆ ಕಂಡರೆ, "ಬಾಯಾರು ನೋಡಿದ್ರ ಮದ್ಲಿಂದ ಕಟ್ಟಸ್ತಾರ" ಎಂದು ನಗುತ್ತಿದ್ದರು.

ಈಗ ನಾನು ಗಬ್ಬೂರಿನ ಬೈಪಾಸ್ ರಸ್ತೆಯ ಹತ್ತಿರ, ಹಿಂದೆ ಹತ್ತಿ ತುಂಬುತ್ತಿದ್ದ ಗೋದಾಮಿನ ಅರ್ಧ ಭಾಗವನ್ನು ಬಾಡಿಗೆಗೆ ಹಿಡಿದು ಫಿಸಿಯೋಥೆರಪಿ ಕೇಂದ್ರ ನಡೆಸುತ್ತೇನೆ. ಬೆಳಗಿನ ಹೊತ್ತು ವಯಸ್ಸಾದವರಿಗೆ ಮೈ ಗಟ್ಟಿ ಮಾಡಿಕೊಳ್ಳುವ ವ್ಯಾಯಾಮ ಹೇಳಿಕೊಡುತ್ತೇನೆ. ಬಾಯಾರು ಅಲ್ಲಿಗೆ ಬಂದದ್ದು ನಿವೃತ್ತರಾಗಿ ಎಷ್ಟೋ ವರ್ಷಗಳ ಮೇಲೆ. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿದ್ದರು. ಕಾಲಿಗೆ ಕವಾಯತಿನ ಬಿಳಿ ಬೂಟು. ನಾನು ಎದ್ದು ನಿಂತೆ. ಅವರು ಗೋಡೆಗೆ ಒರಗಿಸಿದ್ದ ಸಾಮಾನುಗಳನ್ನೆಲ್ಲ ಒಮ್ಮೆ ನೋಡಿ, ಆಮೇಲೆ ನನ್ನನ್ನು ನೋಡಿದರು.

"ನೀ ಯಾರ ಪೈಕಿ?"

ಸುಳ್ಳದವಳು, ನಿಮ್ಮ ವಿದ್ಯಾರ್ಥಿನಿ ಎಂದೆ. ಮನೆತನದ ಹೆಸರು ಹೇಳಿದೆ.

"ನಿಮ್ಮ ಅಣ್ಣ ನೆನಪದಾನ. ಲೆಕ್ಕದಾಗ ಶಾಣ್ಯಾ ಇದ್ದ. ನೀ ನೆನಪಿಲ್ಲ ನೋಡು," ಎಂದರು. ಬೇಸರವೂ ಇಲ್ಲದ, ಸಮಾಧಾನ ಮಾಡುವ ಉದ್ದೇಶವೂ ಇಲ್ಲದ ದನಿ. ನಂತರ ಕುರ್ಚಿ ಎಳೆದುಕೊಂಡು ಕೂತು ಬಂದ ಕೆಲಸ ಹೇಳಿದರು. "ನೆಲದ ಮ್ಯಾಲ ಬಿದ್ದವರನ್ನ ಎತ್ತೂದು ಕಲೀಬೇಕಾಗೇತಿ ನನಗ."

"ಯಾರನ್ನರಿ?"

"ನಮ್ಮ ಅಕ್ಕನ್ನ."

ಅಕ್ಕ ತಂಗಿ ಇಬ್ಬರೇ ಒಂದು ಮನೆಯಲ್ಲಿದ್ದರು. ತಂದೆ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದವರು. ತಾಯಿ ಬೇಗ ತೀರಿಕೊಂಡಾಗ ಅಕ್ಕ ಶಾಲೆ ಬಿಟ್ಟು ಮನೆ ನೋಡಿಕೊಂಡರು, ಹೊಲಿಗೆ ಕಲಿತರು, ತಂಗಿಯನ್ನು ಓದಿಸಿದರು. ಅಕ್ಕನಿಗೆ ಮದುವೆಯಾಗಿತ್ತು, ಗಂಡ ಹೆಚ್ಚು ಕಾಲ ಬದುಕಲಿಲ್ಲ, ಮಕ್ಕಳಿರಲಿಲ್ಲ. ಬಾಯಾರು ಮದುವೆಯಾಗಲಿಲ್ಲ. ನೌಕರಿ ಸಿಕ್ಕಮೇಲೆ ಸರಕಾರಿ ನೌಕರರ ಬಡಾವಣೆಯಲ್ಲಿ ಮನೆ ಕಟ್ಟಿಸಿ ಅಕ್ಕನನ್ನು ಕರೆದುಕೊಂಡು ಬಂದರು. ನಡುಮನೆಯ ಗೋಡೆಗೆ ಬುದ್ಧನ ಪಟ, ಅದರ ಕೆಳಗೆ ಅಕ್ಕನ ಹೊಲಿಗೆ ಯಂತ್ರ. ಮನೆಯಲ್ಲಿ ಬೇರೆ ಅಲಂಕಾರ ಇರಲಿಲ್ಲ.

ಅಕ್ಕ ಸ್ಥೂಲಕಾಯದವರು, ಮೊಣಕಾಲು ಸವೆದಿತ್ತು. ಒಂದು ಮುಂಜಾನೆ ಬಚ್ಚಲುಮನೆಯಲ್ಲಿ ಕಾಲು ಜಾರಿ ಬಿದ್ದರು. ಎಲುಬು ಮುರಿಯಲಿಲ್ಲ. ಆದರೆ ಏಳಲಾಗಲಿಲ್ಲ. ಬಾಯಾರು ಹಿಂದಿನಿಂದ ಕಂಕುಳಲ್ಲಿ ಕೈ ಹಾಕಿ ಎಳೆದರು, ಮುಂದಿನಿಂದ ರಟ್ಟೆ ಹಿಡಿದು ಎಳೆದರು. ಆಗಲಿಲ್ಲ. ತಾವೂ ಒದ್ದೆ ನೆಲದ ಮೇಲೆ ಕುಸಿದು ಕೂತರು. ನೆರೆಯವರನ್ನು ಕೂಗಲು ಹೋದಾಗ ಅಕ್ಕ ಅವರ ಸೆರಗು ಹಿಡಿದುಕೊಂಡು, "ಗಂಡಸರನ್ನ ಕರೀಬ್ಯಾಡ, ಇಲ್ಲೇ ಬಿದ್ದಿರತೇನಿ" ಎಂದರಂತೆ. ಕರೆಯದೆ ಗತಿ ಇರಲಿಲ್ಲ. ಪಕ್ಕದ ಮನೆಯ ಇಬ್ಬರು ಗಂಡಸರು ಬಂದು ಎತ್ತಿ ಮಂಚದ ಮೇಲೆ ಕೂರಿಸಿದರು. ಒಳ್ಳೆಯವರೇ. ಮುಖ ಆಚೆ ತಿರುಗಿಸಿಕೊಂಡೇ ಎತ್ತಿದರು. ಆದರೂ ಅಂದಿನಿಂದ ಅಕ್ಕ ಆ ಮನೆಯವರ ಮುಂದೆ ಅಂಗಳಕ್ಕೆ ಬರುವುದನ್ನು ಬಿಟ್ಟರು.

ಇದನ್ನೆಲ್ಲ ಬಾಯಾರು ಫಲಕದ ಮೇಲೆ ಲೆಕ್ಕ ಬರೆದಷ್ಟು ನಿರ್ಲಿಪ್ತವಾಗಿ ಹೇಳಿದರು. ಕೊನೆಗೆ, "ಆಕಿ ನನ್ನನ್ನ ಟೊಂಕದ ಮ್ಯಾಲ ಹೊತ್ತಕೊಂಡು ಹಿಟ್ಟಿನ ಗಿರಣಿಗೆ ಹೋಗತಿದ್ಲಂತ. ಒಂದ ಕಡೆ ಜ್ವಾಳದ ಬುಟ್ಟಿ, ಒಂದ ಕಡೆ ನಾ. ಈಗ ಆಕಿನ್ನ ಎತ್ತಾಕ ನನಗ ಬರಂಗಿಲ್ಲ ಅಂದ್ರ ಹೆಂಗ?" ಎಂದರು.

ದಿನವಿಡೀ ಮನೆಯಲ್ಲಿರಲು ಒಬ್ಬ ಹೆಂಗಸನ್ನು ಇಟ್ಟುಕೊಳ್ಳಿ ಎಂದೆ. ಹಗಲಿಗೆ ಒಬ್ಬಾಕೆ ಆಗಲೇ ಬರುತ್ತಿದ್ದಳಂತೆ. "ಬೀಳೂದು ಆಕಿ ಬಂದಾಗ ಬೀಳಬೇಕಲ್ಲ?" ಎಂದರು ಬಾಯಾರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನೆಲಕ್ಕೆ ಬಿದ್ದ ದೊಡ್ಡ ಮೈಯನ್ನು ಒಬ್ಬರೇ ಎಳೆದು ಎತ್ತುವುದನ್ನು ನಾನು ಯಾರಿಗೂ ಕಲಿಸುವುದಿಲ್ಲ, ಬೆನ್ನು ಹೋಗುತ್ತದೆ. ಬಿದ್ದವರು ಮಗ್ಗುಲಾಗಿ, ಮೊಣಕೈ ಊರಿ, ಮಂಡಿಯ ಮೇಲೆ ಬಂದು, ಕುರ್ಚಿ ಹಿಡಿದು ತಾವೇ ಏಳಬೇಕು. ಪಕ್ಕದಲ್ಲಿದ್ದವರು ಕೂತು, ಬಾಗಿ, ಆಸರೆ ಕೊಟ್ಟು, ಸೊಂಟ ಎತ್ತುವ ಹೊತ್ತಿನಲ್ಲಿ ಬಲ ಕೊಡಬೇಕು. ಅದಕ್ಕೆ ತೊಡೆ, ಬೆನ್ನು, ಹಿಡಿತ ಮೂರೂ ಬೇಕು. ಇಬ್ಬರೂ ಬಂದರೆ ಒಳ್ಳೆಯದು.

"ಆಕಿ ಬರಂಗಿಲ್ಲ. ನಾ ಬರತೇನಿ," ಎಂದರು.

ಅಕ್ಕ ಬರುವುದಿಲ್ಲ ಎಂಬುದನ್ನು ನಾನು ಅವರ ಮನೆಗೆ ಹೋಗಿ ಅಕ್ಕನ ಬಾಯಿಂದಲೇ ಕೇಳಿದೆ. ಬಿಸಿ ಚಹಾ ಕೊಟ್ಟು, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ತಂಗಿ, ಈ ವಯಸ್ಸಿನ್ಯಾಗ ನನಗ ಅಂಬೆಗಾಲು ಕಲಸಾಕ ಬಂದಿಯೇನು? ನಿಮ್ಮ ಬಾಯಾರು ಗರಡಿಮನಿಗೆ ಹೋಗ್ಲಿ. ಕುಸ್ತಿ ಗೆದ್ರ ಪೇಟಾ ಸುತ್ತತೇನಿ" ಎಂದರು. ಬಾಯಾರು ನಗಲಿಲ್ಲ. ಅಕ್ಕ ಇಬ್ಬರ ಪಾಲಿನದನ್ನೂ ಸೇರಿಸಿ ನಕ್ಕರು.

ಬಾಯಾರು ವಾರಕ್ಕೆ ಮೂರು ಸಲ ಬರತೊಡಗಿದರು. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಸಣ್ಣ ಮಣೆಯ ಮೇಲಿಟ್ಟ ಮರಳಿನ ಚೀಲವನ್ನು ಸೊಂಟದ ಎತ್ತರಕ್ಕೆ ಎತ್ತುವುದು, ಇಳಿಸುವುದು. ಕಲಿಯುವುದರಲ್ಲಿ ಅವರಿಗೆ ತಡೆಯಿರಲಿಲ್ಲ. ಬೆನ್ನು ಹೀಗಿರಲಿ ಎಂದರೆ ಹಾಗೇ ಇರುತ್ತಿತ್ತು. ಒಂದೇ ಒಂದು ಕಡೆ ನಮ್ಮ ಜಗಳ. ಎಂಟು ಸಲ ಎತ್ತಬೇಕೆಂದರೆ ನಾನು ಎರಡು ಸಲ ಎತ್ತಿ ಚೀಲ ಕೆಳಗಿಡಿ, ನಾಲ್ಕಾರು ಉಸಿರು ತೆಗೆದುಕೊಳ್ಳಿ, ಮತ್ತೆ ಎರಡು ಎತ್ತಿ ಎನ್ನುತ್ತಿದ್ದೆ. ಅವರು ಎಂಟನ್ನೂ ಒಂದೇ ಉಸಿರಿಗೆ ಮುಗಿಸುತ್ತಿದ್ದರು.

"ನಡುವ ಇಳಿಸಿದ್ರ ಅದು ಎಂಟು ಹೆಂಗಾಗತೈತಿ? ಎರಡು ಆತು. ಮತ್ತ ಎರಡು ಆತು. ಇದು ಕಾಪಿ ಹೊಡದ್ಹಂಗ."

"ಬಾಯಾರ, ಕೂಡಿಸಿದ್ರ ಎಂಟ ಬರತೈತಲ್ರಿ."

"ಕೂಡಿಸೂದು ನನಗ ಕಲಸಬ್ಯಾಡ."

ಒಂದು ದಿನ ನಾನು ಇನ್ನೊಬ್ಬರ ಭುಜಕ್ಕೆ ಪಟ್ಟಿ ಕಟ್ಟುತ್ತಿದ್ದೆ. ಬಾಯಾರು ಆ ಬದಿಯಲ್ಲಿ ಚೀಲ ಎತ್ತುತ್ತಿದ್ದರು. ಚೀಲ ನೆಲಕ್ಕೆ ಬಿದ್ದ ಸದ್ದು ಕೇಳಿ ತಿರುಗಿದೆ. ಅವರು ಗೋಡೆಗೆ ಒಂದು ಕೈ ಕೊಟ್ಟು ನಿಂತಿದ್ದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹಿಡಿದು ಕೂರಿಸಿ ತಲೆ ಬಗ್ಗಿಸಿದೆ, ನಾಡಿ ನೋಡಿದೆ, ರಕ್ತದೊತ್ತಡ ಅಳೆದೆ. ಸ್ವಲ್ಪ ಹೊತ್ತಿನಲ್ಲಿ ಬಣ್ಣ ಮರಳಿತು. ನೀರು ಕುಡಿದ ಮೇಲೆ ಅವರು ಆಡಿದ ಮೊದಲ ಮಾತು, "ಏಳು ಆಗಿದ್ವು. ಒಂದ ಉಳದಿತ್ತು."

ನನಗೆ ಸಿಟ್ಟು ಬಂತು. "ನೀವು ಇಲ್ಲೆ ಬಿದ್ರ ನಿಮ್ಮನ್ನ ಎತ್ತಾವರು ಅದಾರರಿ. ಮನ್ಯಾಗ ಅಕ್ಕಾರ ಜೋಡಿ ನೀವೂ ಬಿದ್ರ ಇಬ್ಬರನ್ನೂ ಗಂಡಸರ ಬಂದು ಎತ್ತಬೇಕಾಗತೈತಿ" ಎಂದೆ.

ಅವರು ನೀರಿನ ಲೋಟ ಕೆಳಗಿಟ್ಟರು. ಮತ್ತೆ, "ಹುಕುಂ ಮಾಡಬ್ಯಾಡ. ಕಾರಣ ಹೇಳು," ಎಂದರು.

ನಾನು ಅವರ ಎದುರು ನೆಲದ ಮೇಲೆ ಕೂತು ಹೇಳಿದೆ. ವಯಸ್ಸಾದಂತೆ ಸ್ನಾಯು ಸೊರಗುತ್ತದೆ. ಬಲ ಹೋಗುವುದಕ್ಕಿಂತ ಬೇಗ ಅದರ ಚುರುಕು ಹೋಗುತ್ತದೆ. ಎಡವಿದಾಗ ಲಗುಬಗೆಯಿಂದ ಕಾಲು ಮುಂದಿಡಲು, ಕುರ್ಚಿಯಿಂದ ಚಕ್ಕನೆ ಏಳಲು ಬೇಕಾದದ್ದು ಆ ಚುರುಕೇ. ಒಂದೇ ಸಮನೆ ಎತ್ತುತ್ತ ಹೋದರೆ ಒಂದೊಂದು ಸಲಕ್ಕೂ ವೇಗ ಇಳಿಯುತ್ತದೆ. ಕೊನೆಯ ಎರಡರಲ್ಲಿ ಸ್ನಾಯು ಎಳೆಯುವುದಿಲ್ಲ, ಹಟ ಎಳೆಯುತ್ತದೆ; ಬೆನ್ನು ಸೊಟ್ಟಗಾಗುತ್ತದೆ, ಉಸಿರು ಕಟ್ಟುತ್ತದೆ, ರಕ್ತದೊತ್ತಡ ಏರುತ್ತದೆ. ನಡುನಡುವೆ ತುಸು ನಿಂತರೆ ಎಂಟನೆಯದೂ ಮೊದಲನೆಯದರಷ್ಟೇ ಚುರುಕಾಗಿ ಬರಬಹುದು. ಎತ್ತಿದ ಭಾರದ ಮೊತ್ತ ಒಂದೇ.

ಬಾಯಾರು ಕೇಳಿಸಿಕೊಂಡು ಒಂದು ಪ್ರಶ್ನೆ ಹಾಕಿದರು. "ಹಂಗಾದ್ರ ಕಷ್ಟ ಕಡಿಮಿ ಆತು. ಕಷ್ಟ ಕಡಿಮಿ ಆದ್ರ ಲಾಭನೂ ಕಡಿಮಿ ಆಗಬೇಕಲ್ಲ?"

ನನ್ನ ಕಾಲೇಜಿನಲ್ಲಿ ಯಾರೂ ಈ ಪ್ರಶ್ನೆಯನ್ನು ಇಷ್ಟು ಸರಳವಾಗಿ ಕೇಳಿರಲಿಲ್ಲ. "ಎಲ್ಲಾರಿಗೂ ಒಂದ ಥರ ಅಂತ ನಾ ಹೇಳಂಗಿಲ್ರಿ. ಸಣ್ಣ ವಯಸ್ಸಿನವರಿಗೆ, ಮೈ ದಪ್ಪ ಮಾಡ್ಕೊಳ್ಳಾವರಿಗೆ ಬ್ಯಾರೆ ಲೆಕ್ಕ ಇರಬಹುದು. ನಿಮಗ ಬೇಕಾಗಿದ್ದು ಚುರುಕು. ನಿಮ್ಮ ಮೈ ಏನು ಹೇಳತೈತಿ, ನೋಡೂಣಲ್ರಿ," ಎಂದೆ.

"ನೋಡೂಣು" ಎಂಬ ಮಾತು ಅವರಿಗೆ ಹಿಡಿಸಿತು ಅನಿಸುತ್ತದೆ. ಡಾಕ್ಟರರಿಗೆ ತೋರಿಸಿ, ಎದೆಯ ಪರೀಕ್ಷೆ ಮುಗಿಸಿಕೊಂಡು ಬಂದ ಮೇಲೆ ಅವರೇ ನಮ್ಮ ಪ್ರಯೋಗದ ಕ್ರಮ ಗೊತ್ತುಮಾಡಿದರು. ಹಗುರ ಚೀಲ. ಒಂದು ದಿನ ಒಂದೇ ಸಮ, ಉಸಿರು ಕಟ್ಟದೆ. ಎರಡು ದಿನ ಬಿಟ್ಟು ನಿಂತು ನಿಂತು. ನಾನು ಫೋನಿನಲ್ಲಿ ವಿಡಿಯೋ ತೆಗೆಯಬೇಕು. ಆಮೇಲೆ ಇಬ್ಬರೂ ಬೆಂಚಿನ ಮೇಲೆ ಕೂತು ಎರಡನ್ನೂ ನೋಡಿದೆವು. ಮೊದಲನೆಯದರಲ್ಲಿ ಕೊನೆಯ ಸಲ ಚೀಲ ತೊಡೆಗೆ ಉಜ್ಜಿಕೊಂಡು ಮೇಲೇರುತ್ತಿತ್ತು, ಎಡಭುಜ ಕಿವಿಗೆ ತಾಗುವಂತಿತ್ತು. ಎರಡನೆಯದರಲ್ಲಿ ಯಾವುದು ಮೊದಲನೆಯದು, ಯಾವುದು ಎಂಟನೆಯದು ಎಂದು ನೋಡಿ ಹೇಳುವಂತಿರಲಿಲ್ಲ. ಬಾಯಾರು ಫೋನನ್ನು ನನ್ನ ಕೈಗೆ ಕೊಟ್ಟು, ರೇಖಾಗಣಿತದ ಪಾಠ ಮುಗಿಸುವಾಗ ಹೇಳುತ್ತಿದ್ದ ದನಿಯಲ್ಲಿ, "ಸಿದ್ಧವಾಯಿತು" ಎಂದರು. ಆ ಒಂದು ಮಾತನ್ನು ಮಾತ್ರ ಅವರು ಯಾವಾಗಲೂ ಪುಸ್ತಕದ ಕನ್ನಡದಲ್ಲೇ ಆಡುತ್ತಿದ್ದರು.

ಒಪ್ಪಿದ ಮೇಲೆ ಅದನ್ನು ತಮ್ಮ ಕಾಯಿದೆಯನ್ನಾಗಿ ಮಾಡಿಕೊಂಡರು. ಎಷ್ಟು ಹೊತ್ತು ನಿಲ್ಲಬೇಕು ಎನ್ನುವುದಕ್ಕೆ ಗಡಿಯಾರ ನೋಡುವುದು ಅವರಿಗೆ ಸರಿಬರಲಿಲ್ಲ. ಮನಸ್ಸಿನಲ್ಲೇ ಹದಿನೇಳರ ಮಗ್ಗಿ ಹೇಳಿಕೊಳ್ಳುತ್ತಿದ್ದರು. ಹದಿನೇಳ್ಹತ್ಲೆ ನೂರಾ ಎಪ್ಪತ್ತಕ್ಕೆ ಚೀಲಕ್ಕೆ ಕೈ ಹಾಕುವುದು. ಇತರರಿಗೂ ಅದನ್ನೇ ಕಲಿಸಿದರು. ಬೆಳಗಿನ ತಂಡದಲ್ಲಿ ಹತ್ತಿ ದಲ್ಲಾಳಿ ವ್ಯಾಪಾರದ ಅಡತಿ ಅಂಗಡಿಯ ಕಾಕಾ ಒಬ್ಬರಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ತಮಾಷೆ. ಅವರಿಗೆ ಹದಿನೇಳರ ಮಗ್ಗಿ ಬರುತ್ತಿರಲಿಲ್ಲ. ಹಳೆಯ ಕಾಲದ ಒಂದೂಕಾಲರ ಮಗ್ಗಿ, ಸವಾಯಿ, ಬರುತ್ತಿತ್ತು. "ವ್ಯಾಪಾರಕ್ಕ ಅದ ಸಾಕಾಗತಿತ್ರಿ" ಎನ್ನುತ್ತಿದ್ದರು. ಆ ಗೋದಾಮಿನಲ್ಲಿ ಬೆಳಗಿನ ಹೊತ್ತು ಮುದುಕರ ಮಗ್ಗಿಯ ಗುಂಯ್‌ಗುಡುವಿಕೆ ಕೇಳಿ ರಸ್ತೆಯವರು ಒಳಗೆ ಇಣುಕಿದ್ದುಂಟು.

ಇದೇ ಕಾಕಾ ಮೊದಮೊದಲು ಬಾಯಾರು ಚೀಲ ಕೆಳಗಿಟ್ಟಾಗಲೆಲ್ಲ, "ಏನ್ರಿ ಬಾಯಾರ, ಮುಗೀತೇನ್ರಿ? ದಣದ್ರೇನು?" ಎಂದು ಕೆಣಕುತ್ತಿದ್ದರು.

"ಮುಗದಿಲ್ಲರಿ. ನಿಂತೇನಿ ಅಷ್ಟ," ಎನ್ನುತ್ತಿದ್ದರು ಬಾಯಾರು, ಕಾಕಾನ ಕಡೆ ನೋಡದೆ.

ಅವರ ಕಟ್ಟುನಿಟ್ಟು ಬೇರೆ ದಾರಿಗಳಲ್ಲಿ ಹೊರಬರುತ್ತಿತ್ತು. ಪೇಟೆಯಲ್ಲಿ ಸಿಗುವ ತೂಕದ ಬಿಲ್ಲೆಗಳು ಒಂದರಿಂದ ಇನ್ನೊಂದಕ್ಕೆ ಬಹಳ ಜಿಗಿಯುತ್ತವೆ, ವಯಸ್ಸಾದವರಿಗೆ ಅರ್ಧ ಅರ್ಧ ಕಿಲೋ ಏರಿಸುವಂತಿರಬೇಕು ಎಂದು ನಾನು ಒಮ್ಮೆ ಅಂದಿದ್ದೆ. ತಾರಿಹಾಳದಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರ ಇಟ್ಟುಕೊಂಡಿದ್ದ ಹಳೆಯ ವಿದ್ಯಾರ್ಥಿಯೊಬ್ಬನನ್ನು ಹಿಡಿದು ಬಾಯಾರು ಸಣ್ಣ ಬಿಲ್ಲೆಗಳನ್ನು ಮಾಡಿಸಿ ತಂದರು. ತರುವ ಮೊದಲು ಎಲ್ಲವನ್ನೂ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದ್ದರು. ಒಂದು ತುಸು ಕಡಿಮೆ ಬಂದಿತ್ತು. ಅದನ್ನು ವಾಪಸು ಕಳಿಸಿದ್ದರು. ಆ ಮನುಷ್ಯ ಆಮೇಲೆ ನನ್ನ ಮುಂದೆ, "ಸಾಲಿ ಬಿಟ್ಟು ಇಷ್ಟ ವರ್ಷ ಆತು, ಇನ್ನೂ ನನ್ನ ಉತ್ತರ ತಪ್ಪ ಅಂತಾರ ನೋಡ್ರಿ" ಎಂದು ಹಣೆ ಒರೆಸಿಕೊಂಡ.

ವರ್ಷ ಕಳೆಯುವಷ್ಟರಲ್ಲಿ ಬಾಯಾರು ನೆಲದ ಮೇಲೆ ಕೂತು ಯಾವುದನ್ನೂ ಹಿಡಿಯದೆ ಏಳುತ್ತಿದ್ದರು. ಚೀಲದ ಮರಳು ಹೆಚ್ಚಾಗಿತ್ತು. ಕುತ್ತಿಗೆಯ ನರ ಕಾಣುವುದು ನಿಂತಿತ್ತು. ಅಕ್ಕನ ಜಾಗದಲ್ಲಿ ನನ್ನನ್ನಿಟ್ಟು ಪ್ರಯೋಗವನ್ನೂ ಮಾಡಿದೆವು. ನಾನು ಚಾಪೆಯ ಮೇಲೆ ಬಿದ್ದುಕೊಳ್ಳುವುದು, ಅವರು ನನ್ನನ್ನು ಮಗ್ಗುಲು ಮಾಡಿಸಿ ಮಂಡಿಗೆ ತರುವುದು. "ನೀ ಭಾಳ ಹಗುರ ಇದ್ದಿ, ಇದು ಖರೇ ಪರೀಕ್ಷಾ ಅಲ್ಲ" ಎನ್ನುತ್ತಿದ್ದರು.

ಖರೆಯ ಪರೀಕ್ಷೆ ಒಂದು ಮಧ್ಯಾಹ್ನ ಬಂತು. ಕೆಲಸದಾಕೆ ಹೊರಟುಹೋಗಿದ್ದಳು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅಕ್ಕ ಮತ್ತೆ ಬಿದ್ದರು. ಅಲ್ಲಿ ನಡೆದದ್ದನ್ನು ನನಗೆ ಹೇಳಿದ್ದು ಅಕ್ಕನೇ, ಅದೇ ಸಂಜೆ ಫೋನಿನಲ್ಲಿ. ಆ ಮೊದಲು ಅವರು ನನಗೆ ಎಂದೂ ಫೋನು ಮಾಡಿದವರಲ್ಲ.

ಸದ್ದು ಕೇಳಿ ಬಾಯಾರು ಓಡಿ ಬಂದರಂತೆ. ಬಂದವರು ಕೈ ಹಾಕಲಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕೂತರು. "ಮದ್ಲ ಸುಮ್ಮನ ಬಿದ್ದಿರು. ಎಲ್ಲಿ ನೋವು ಐತಿ ಹೇಳು," ಎಂದರು. ಕಾಲು ಆಡಿಸಲು ಹೇಳಿದರು, ಕೈ ಆಡಿಸಲು ಹೇಳಿದರು. ಅಂಗೈ ತರಚಿತ್ತು, ಅಷ್ಟೇ. ಆಮೇಲೆ ಎದ್ದು ಹೋಗಿ ಒಳಗಿನಿಂದ ಎರಡು ಕುರ್ಚಿ, ಒಂದು ಸ್ಟೂಲು, ಒಂದು ದಿಂಬು ತಂದರು.

"ನನ್ನ ಒಮ್ಮೆಲೆ ಎಳದ ಬಿಡು, ಯಾರರೆ ನೋಡ್ಯಾರು ಅಂದೆ ನಾ," ಎಂದರು ಅಕ್ಕ. "ಆಕಿ ಏನಂದ್ಲು ಗೊತ್ತೈತೇನು? ಒಮ್ಮೆಲೆ ಬ್ಯಾಡ ಅಕ್ಕಾ. ಸ್ವಲ್ಪ ಸ್ವಲ್ಪ ಏಳೂಣು, ನಡುವ ನಿಂದ್ರೂಣು ಅಂದ್ಲು."

ಮಗ್ಗುಲಾಗುವುದು ಒಂದು ಹಂತ. ಅಲ್ಲಿ ನಿಂತರು. ಮೊಣಕೈ ಊರಿ ಕೂರುವುದು ಒಂದು. ಅಲ್ಲೂ ನಿಂತರು. ದಿಂಬಿನ ಮೇಲೆ ಮಂಡಿ ಊರುವಾಗ ಅಕ್ಕ ನೋವಿಗೆ ಅತ್ತರು. ಬಾಯಾರು ಅವರ ಎರಡೂ ಮೊಣಕೈಗಳನ್ನು ಸ್ಟೂಲಿನ ಮೇಲೆ ಇಡಿಸಿ, ಹಾಗೇ ಇರು ಎಂದು, ಒಳಗೆ ಹೋಗಿ ನೀರು ತಂದು ಕುಡಿಸಿದರು. ಆ ಸ್ಥಿತಿಯಲ್ಲಿ, ಹಿತ್ತಲ ಬಿಸಿಲಿನಲ್ಲಿ, ಇಬ್ಬರೂ ಎಷ್ಟೋ ಹೊತ್ತು ಏನೂ ಮಾಡದೆ ಇದ್ದರು. ನಂತರ ಒಂದು ಪಾದ ನೆಲಕ್ಕೆ. ಮತ್ತೆ ನಿಲುಗಡೆ. ಕೊನೆಗೆ ಬಾಯಾರು ಹಿಂದಿನಿಂದ ಸೊಂಟಕ್ಕೆ ಎರಡೂ ಕೈ ಕೊಟ್ಟು, ಮೊಣಕಾಲು ಬಗ್ಗಿಸಿ, ಉಸಿರು ಬಿಡುತ್ತ ಎತ್ತಿದರು. ಅಕ್ಕ ಕುರ್ಚಿಯ ಬೆನ್ನು ಹಿಡಿದು ಮೇಲೆ ಬಂದರು. ಎರಡನೆಯ ಕುರ್ಚಿ ಹಿಂದೆ ಸಿದ್ಧವಿತ್ತು. ಕೂತರು.

"ಎತ್ತಿದ್ಲು ನೋಡವಾ. ಯಾರನ್ನೂ ಕರೀಲಿಲ್ಲ," ಎಂದು ಅಕ್ಕ ಫೋನಿನಲ್ಲಿ ಮತ್ತೆ ಮತ್ತೆ ಹೇಳಿದರು. "ಕೂತ ಮ್ಯಾಲ ನಾ ನಕ್ಕೆ. ಆಕಿ ಅತ್ತಳು. ಸಣ್ಣಾಕಿ ಇದ್ದಾಗ ಅತ್ತಿದ್ದ ನೋಡಿದ್ದೆ, ಆಮ್ಯಾಲ ಇವತ್ತ ನೋಡಿದ್ದು."

ಮರುದಿನ ಬಾಯಾರು ಎಂದಿನಂತೆ ಬಂದರು. ನಾನು ವಿಚಾರಿಸಿದ್ದಕ್ಕೆ, "ಸೊಂಟಕ್ಕ ಕೈ ಹಾಕೂ ಜಾಗಾ ನೀ ಸ್ವಲ್ಪ ತಪ್ಪ ಹೇಳಿದ್ದಿ. ಇನ್ನೂ ಕೆಳಗ ಹಾಕಬೇಕು" ಎಂದಷ್ಟೇ ಹೇಳಿ ಚೀಲದ ಕಡೆ ಹೋದರು. ಮೊದಲ ಸಲ ಬಿದ್ದಾಗ ಎತ್ತಿದ ನೆರೆಮನೆಗೆ ಅಕ್ಕ ಆ ವಾರ ಕರಿಗಡುಬು ಮಾಡಿ ಕಳಿಸಿದರೆಂದು ಆಮೇಲೆ ತಿಳಿಯಿತು. ವರ್ಷದ ಹಿಂದೆ ಹೇಳಬೇಕಾಗಿದ್ದ ಥ್ಯಾಂಕ್ಸನ್ನು ಈಗ ಹೇಳಲು ಅವರಿಗೆ ಸಾಧ್ಯವಾಗಿತ್ತು.

ನಾನು ಅಕ್ಕನನ್ನು ಮತ್ತೊಮ್ಮೆ ಕರೆದೆ. "ಆಕಿ ಇದ್ದಾಳಲ್ಲ, ನನಗ್ಯಾಕ?" ಎಂದರು.

ಆಕೆ ಇರಲಿಲ್ಲ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ. ಬಾಯಾರಿಗೆ ಜ್ವರ ಬಂತು, ಎದೆಗೆ ಇಳಿಯಿತು. ಎತ್ತಿದ ಭಾರಕ್ಕೂ ಆ ಜ್ವರಕ್ಕೂ ಸಂಬಂಧವಿರಲಿಲ್ಲ. ಗಟ್ಟಿ ಕಾಲುಗಳಿಂದ ಪುಪ್ಪುಸಕ್ಕೆ ಹೆಚ್ಚೇನೂ ಉಪಯೋಗವಾಗಲಿಲ್ಲ. ಆಸ್ಪತ್ರೆಗೆ ನೋಡಲು ಹೋದಾಗ ಮೂಗಿಗೆ ಆಮ್ಲಜನಕದ ನಳಿಕೆ ಇತ್ತು. ಎರಡೆರಡು ಶಬ್ದ ಆಡಿ ನಿಲ್ಲುತ್ತಿದ್ದರು, ಉಸಿರು ಕೂಡಿಸಿಕೊಂಡು ಮತ್ತೆ ಎರಡು ಶಬ್ದ.

"ಅಕ್ಕಗ ನೀ ಕಲಸು. ನಾ ಹೇಳಿದ್ರ ಕಲಿಯಂಗಿಲ್ಲ. ಅಕ್ಕಗ ತಂಗಿ ಬಾಯಾರು ಆಗಾಕ ಬರಂಗಿಲ್ಲ."

ಆಗಲಿ ಎಂದೆ.

"ಹುಕುಂ ಮಾಡಬ್ಯಾಡ," ಎಂದರು.

ಅದು ನಾನು ಕೇಳಿದ ಅವರ ಕೊನೆಯ ಮಾತು. ಆ ವಾರವೇ ತೀರಿಕೊಂಡರು. ಸುಳ್ಳದಿಂದ ಒಂದು ಟೆಂಪೋ ತುಂಬ ಜನ ಬಂದಿದ್ದರು, ತಾರಿಹಾಳದ ಲೇತಿನವನೂ ಅಡತಿಯ ಕಾಕಾನೂ ಬಂದಿದ್ದರು. ಬುದ್ಧವಂದನೆ ಮುಗಿದ ಮೇಲೆ ಕಾಕಾ ಗೋಡೆಯ ಬದಿಗೆ ನಿಂತು ತುಟಿ ಆಡಿಸುತ್ತಿದ್ದರು. ಪ್ರಾರ್ಥನೆಯೋ ಸವಾಯಿಯೋ ನನಗೆ ಗೊತ್ತಾಗಲಿಲ್ಲ.

ನನ್ನ ಕೆಲಸದಲ್ಲಿ ಬಾಯಾರಿಂದ ಆದ ಬದಲಾವಣೆ ಇಷ್ಟೇ. ಮೊದಲು ನಾನು ಬಂದವರಿಗೆ ಎಷ್ಟು ಸಲ ಎಂದು ಹೇಳುತ್ತಿದ್ದೆ. ಈಗ ಯಾಕೆ ಎಂದು ಹೇಳುತ್ತೇನೆ. ಇದಕ್ಕೆ ಸಮಯ ಹಿಡಿಯುತ್ತದೆ. ದಿನಕ್ಕೆ ನೋಡುವವರ ಸಂಖ್ಯೆ ಕಡಿಮೆಯಾಗಿದೆ, ಬಿಟ್ಟುಹೋಗುವವರ ಸಂಖ್ಯೆಯೂ. ಬಾಯಾರಿಗೆ ಕೊನೆಯವರೆಗೂ ನಾನು ಶಾಲೆಯ ಯಾವ ಸಾಲಿನಲ್ಲಿ ಕೂರುತ್ತಿದ್ದೆ ಎಂಬುದು ನೆನಪಾಗಲಿಲ್ಲ. ಅದರ ಬಗ್ಗೆ ನನಗೆ ಕೊರಗಿಲ್ಲ.

ಅಕ್ಕನನ್ನು ನಾನು ಕರೆಯಲಿಲ್ಲ. ಹೇಗೆ ಕರೆಯಬೇಕೆಂದು ತೋಚಿರಲಿಲ್ಲ. ಒಂದು ಬೆಳಿಗ್ಗೆ ಬಾಗಿಲ ಮುಂದೆ ಆಟೋ ನಿಂತಿತು. ಡ್ರೈವರನ ಕೈ ಬೇಡವೆಂದು, ಕಂಬಿ ಹಿಡಿದು, ಅಕ್ಕ ಇಳಿದರು. ಒಳಗೆ ಬಂದು ಬೆಂಚಿನ ಮೇಲೆ ಕೂತು ಸುಧಾರಿಸಿಕೊಂಡರು.

"ಇನ್ನ ನಾ ಬಿದ್ರ ಎಬ್ಬಸಾವರು ಯಾರು? ನಾನ ಏಳಬೇಕಲ್ಲ," ಎಂದರು. "ಆದ್ರ ಗಂಡಸರು ಇದ್ದಾಗ ನಾ ಕಲಿಯಂಗಿಲ್ಲ."

ಅವರಿಗಾಗಿ ಎಲ್ಲರೂ ಹೋದ ಮೇಲಿನ ಹೊತ್ತು ಇಟ್ಟೆ. ಕುರ್ಚಿಯಿಂದ ಏಳುವುದರಿಂದ ಶುರು. ಎರಡು ಸಲ ಎದ್ದು ಕೂತರೆ ಒಂದು ನಿಲುಗಡೆ, ಕೆಲವು ದಿನ ಒಂದೇ ಸಲಕ್ಕೆ ಒಂದು. ಯಾಕೆ ಎಂದು ಒಂದೊಂದನ್ನೂ ಹೇಳಿದೆ. ಅವರು ಕೇಳಿಸಿಕೊಳ್ಳುತ್ತ ತಮ್ಮ ಮೊಣಕಾಲನ್ನು ತಾವೇ ನೀವಿಕೊಳ್ಳುತ್ತಿದ್ದರು. ತಿಂಗಳುಗಳು ಹಿಡಿದವು. ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ದಿನ, "ಇವತ್ತ ನೆಲದ ಮ್ಯಾಲಿಂದ ನೋಡೂಣು, ಬಾಗಲಾ ಹಾಕು" ಎಂದರು.

ಬಾಗಿಲು ಹಾಕಿದೆ. ದಪ್ಪ ಚಾಪೆ ಹಾಸಿ, ಅವರನ್ನು ಹಿಡಿದು ಮಲಗಿಸಿ, ಪಕ್ಕದಲ್ಲಿ ಕುರ್ಚಿ ಇಟ್ಟೆ. ಮಗ್ಗುಲಾದರು, ನಿಂತರು. ಮೊಣಕೈ ಊರಿದರು, ನಿಂತರು. ಮಂಡಿಯ ಮೇಲೆ ಬಂದಾಗ ಕಣ್ಣಲ್ಲಿ ನೀರಿತ್ತು. ನಾನು ಒಂದು ಹೆಜ್ಜೆ ಮುಂದೆ ಬಂದೆ. ಬೇಡವೆಂದು ತಲೆಯಾಡಿಸಿದರು. ಹೊರಗೆ ಬೈಪಾಸಿನಲ್ಲಿ ಲಾರಿಗಳು ಹೋಗುತ್ತಿದ್ದವು. ಕುರ್ಚಿಗೆ ತಲೆ ಆನಿಸಿ ಅವರು ಬಹಳ ಹೊತ್ತು ಹಾಗೇ ಇದ್ದರು, ಮುಗಿಯಿತೇನೋ ಎಂದುಕೊಂಡೆ. ಆಮೇಲೆ ಬಲಪಾದವನ್ನು ಮುಂದಿಟ್ಟು, ಉಸಿರು ಬಿಟ್ಟು, ಎದ್ದು ನಿಂತರು. ಸೀರೆಯ ನೆರಿಗೆ ಸರಿಮಾಡಿಕೊಂಡರು.